ಕೊಡಸಿಗದ ಕಷಾಯಕ್ಕೆ ವಲಯ ಬರಲಿಲ್ಲ: ದೋಷ ತೊಗಟೆಯದೋ, ಪ್ರಯೋಗದ್ದೋ?

ಪ್ರಶ್ನೆ: ನಾನು ಹಾಸನದಲ್ಲಿ ಬಿ.ಎಸ್ಸಿ. ಅಂತಿಮ ವರ್ಷದ ವಿದ್ಯಾರ್ಥಿನಿ, ಸೂಕ್ಷ್ಮಜೀವಿ ವಿಜ್ಞಾನ ಓದುತ್ತಿದ್ದೇನೆ. ಊರು ಸಕಲೇಶಪುರ ತಾಲ್ಲೂಕು. ಹೊಟ್ಟೆ ಕೆಟ್ಟರೆ ನಮ್ಮ ಅಜ್ಜಿ ಕೊಡಸಿಗ ಮರದ ತೊಗಟೆಯ ಚಕ್ಕೆ ಕುದಿಸಿ ಕಷಾಯ ಕೊಡುತ್ತಾರೆ. ಅದನ್ನೇ ಪ್ರಾಜೆಕ್ಟಿಗೆ ಆರಿಸಿಕೊಂಡೆ. ಜುಲೈನಲ್ಲಿ ತೋಟದ ಬೇಲಿಸಾಲಿನ ಮರದಿಂದ ಚಕ್ಕೆ ತಂದು ಒಣಗಿಸಿ ಪುಡಿ ಮಾಡಿದೆ. 10 ಗ್ರಾಂ ಪುಡಿಯನ್ನು 100 ಮಿ.ಲೀ. ನೀರಿನಲ್ಲಿ ಕುದಿಸಿ 25 ಮಿ.ಲೀ.ಗೆ ಇಳಿಸಿ, ರಾತ್ರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಸೋಸಿದೆ. ಇನ್ನೊಂದು 10 ಗ್ರಾಂ ಅನ್ನು ಎಥನಾಲ್‌ನಲ್ಲಿ ಮೂರು ದಿನ ನೆನೆಸಿ, ಸೋಸಿ, ಆರಿಸಿ, ಉಳಿದ ಸಾರವನ್ನು ದ್ರಾವಕವಾದ ಡಿಎಂಎಸ್‌ಒದಲ್ಲಿ ಮಿ.ಲೀ.ಗೆ 100 ಮಿ.ಗ್ರಾಂ ಆಗುವಂತೆ ಕರಗಿಸಿದೆ. ಎರಡನ್ನೂ ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯಲ್ಲಿ ಕೊರೆದ 6 ಮಿ.ಮೀ. ಗುಂಡಿಗೆ 50 ಮೈಕ್ರೋಲೀಟರ್ ಹಾಕಿದಾಗ ಎಥನಾಲ್ ಸಾರಕ್ಕೆ ಸ್ಟ್ಯಾಫಿಲೊಕಾಕಸ್ ಮೇಲೆ 16 ಮಿ.ಮೀ., ಇ. ಕೊಲೈ ಮೇಲೆ 11 ಮಿ.ಮೀ. ವಲಯ, ಅಂದರೆ ಬ್ಯಾಕ್ಟೀರಿಯಾ ಬೆಳೆಯದ ಸುತ್ತು, ಬಂತು. ಕಷಾಯಕ್ಕೆ ಏನೂ ಬರಲಿಲ್ಲ. 5 ಮೈಕ್ರೋಗ್ರಾಂ ಸಿಪ್ರೊಫ್ಲಾಕ್ಸಾಸಿನ್ ಆಂಟಿಬಯೋಟಿಕ್ ಬಿಲ್ಲೆಗೆ ಇ. ಕೊಲೈ ಮೇಲೆ 31 ಮಿ.ಮೀ. ಬಂತು. ಹಾಗಾದರೆ ಅಜ್ಜಿಯ ಕಷಾಯದಲ್ಲಿ ಏನೂ ಇಲ್ಲವೇ? ಸಾರಕ್ಕೆ ‘ಆಂಟಿಬಯೋಟಿಕ್‌ನ ಮೂರನೇ ಒಂದು ಪಾಲು ಶಕ್ತಿ’ ಇದೆ ಎಂದು ವರದಿಯಲ್ಲಿ ಬರೆಯಬಹುದೇ?

ಉತ್ತರ: ಎರಡೂ ತೀರ್ಮಾನಗಳನ್ನು ಸದ್ಯಕ್ಕೆ ಬರೆಯಬೇಡಿ. ನೀವು ಗುಂಡಿಗೆ ಏನನ್ನು, ಎಷ್ಟು, ಯಾವ ರೂಪದಲ್ಲಿ ಹಾಕಿದಿರೋ ಅದಕ್ಕೆ ಮಾತ್ರ ತಟ್ಟೆ ಉತ್ತರ ಕೊಟ್ಟಿದೆ. ಅಜ್ಜಿಯ ಕಷಾಯ ಆ ಗುಂಡಿಗೆ ಹೋಗಲೇ ಇಲ್ಲ. ನೀವು ವಿವರಗಳನ್ನು ಬಿಡದೆ ಬರೆದಿರುವುದರಿಂದ ಎಲ್ಲೆಲ್ಲಿ ತಪ್ಪಿದೆ ಎಂದು ಹೇಳುವುದು ಸುಲಭವಾಗಿದೆ.

ಮೊದಲು ತೂಕದ ಲೆಕ್ಕ. ಎಥನಾಲ್ ಸಾರ ಮಿ.ಲೀ.ಗೆ 100 ಮಿ.ಗ್ರಾಂ ಇದ್ದಾಗ 50 ಮೈಕ್ರೋಲೀಟರಿನಲ್ಲಿ 5 ಮಿ.ಗ್ರಾಂ ಇರುತ್ತದೆ. ಕಷಾಯದಲ್ಲಿ ಎಷ್ಟಿತ್ತು ಎಂದು ನೀವು ಅಳೆದೇ ಇಲ್ಲ. ಪುಡಿಯ ಶೇ. 10ರಷ್ಟು ನೀರಿಗಿಳಿದಿದೆ ಎಂದು ಹಿಡಿದರೆ 10 ಗ್ರಾಂ ಪುಡಿಯಿಂದ 1 ಗ್ರಾಂ, ಅದು 25 ಮಿ.ಲೀ.ನಲ್ಲಿ. ಅಂದರೆ ಮಿ.ಲೀ.ಗೆ 40 ಮಿ.ಗ್ರಾಂ, ಗುಂಡಿಗೆ 2 ಮಿ.ಗ್ರಾಂ. ಅದರಲ್ಲೂ ಹೆಚ್ಚಿನ ಪಾಲು ಸಕ್ಕರೆ, ಅಂಟು, ಲವಣಗಳು. ಕೆಲಸ ಮಾಡುವ ಆಲ್ಕಲಾಯ್ಡ್, ಅಂದರೆ ಗಿಡದ ಕ್ಷಾರ ಗುಣದ ವಸ್ತು, ಸ್ವಲ್ಪವೇ. ಹೀಗೆ ಎರಡು ಬೇರೆ ಬೇರೆ ತೂಕಗಳನ್ನು ಪಕ್ಕಪಕ್ಕ ಇಟ್ಟು ಎಥನಾಲ್ ಗೆದ್ದಿತು ಎನ್ನಲಾಗದು. ಕಷಾಯವನ್ನೂ ನೀರಿನ ಸ್ನಾನದ ಮೇಲೆ, 60 ಡಿಗ್ರಿ ಮೀರದಂತೆ ಪೂರ್ತಿ ಆರಿಸಿ, ತೂಗಿ, ಅಷ್ಟೇ ಸಾಂದ್ರತೆಗೆ ಕರಗಿಸಿ ಹಾಕಬೇಕಿತ್ತು.

ಎರಡನೆಯದು ನೀವು ಸೋಸಿ ಎಸೆದ ಗಸಿ. ಇದು ನಿಮ್ಮ ಪ್ರಯೋಗದ ನಿಜವಾದ ಸೋರಿಕೆ. ಕೊಡಸಿಗದ ತೊಗಟೆಯ ಮುಖ್ಯ ಸತ್ವ ಕೊನೆಸ್ಸೀನ್ ಎಂಬ ಸ್ಟೀರಾಯ್ಡ್ ಜಾತಿಯ ಆಲ್ಕಲಾಯ್ಡ್. ಅದರ ಜೊತೆಗೆ ಕೊನೆಸ್ಸಿಮೀನ್, ಐಸೊಕೊನೆಸ್ಸಿಮೀನ್, ಕೊನಿಮೀನ್, ಹೊಲಾರ್ಹಿಮೀನ್ ಮುಂತಾದ ದಾಯಾದಿಗಳಿವೆ. ಒಟ್ಟು ಆಲ್ಕಲಾಯ್ಡ್ ಒಣ ತೊಗಟೆಯ ತೂಕದಲ್ಲಿ ಸಾಮಾನ್ಯವಾಗಿ ಶೇ. 1ರಿಂದ 4ರ ನಡುವೆ ಇರುತ್ತದೆ. ಇವು ಕ್ಷಾರಗಳು. ಗಿಡದೊಳಗೆ ಸಾವಯವ ಆಮ್ಲಗಳ ಜೊತೆ ಸೇರಿ ಲವಣವಾಗಿರುವಷ್ಟು ಭಾಗ ಬಿಸಿ ನೀರಿಗೆ ಇಳಿಯುತ್ತದೆ. ಕಷಾಯ ತಣ್ಣಗಾಗುತ್ತಿದ್ದಂತೆ ಟ್ಯಾನಿನ್, ಪ್ರೋಟೀನ್, ಅಂಟುಗಳು ಆಲ್ಕಲಾಯ್ಡನ್ನೂ ಎಳೆದುಕೊಂಡು ತಳಕ್ಕೆ ಕೂರುತ್ತವೆ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ: ಮೇಲೆ ತಿಳಿ ಚಹಾದ ಬಣ್ಣ, ತಳದಲ್ಲಿ ಅರ್ಧ ಬೆರಳು ದಪ್ಪ ಮಸುಕು ಕಂದು ಗಸಿ, ಅಲುಗಿಸಿದರೆ ಹೊಗೆಯಂತೆ ಏಳುತ್ತದೆ. ಆ ಗಸಿಯ ಒಂದು ಹನಿಯನ್ನು ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಆಲ್ಕಲಾಯ್ಡ್ ಇದೆಯೇ ಎಂದು ತೋರಿಸುವ ಡ್ರಾಗೆಂಡಾರ್ಫ್ ದ್ರಾವಣ ಒಂದು ಹನಿ ಬಿಡಿ. ಕಿತ್ತಳೆ ಬಣ್ಣದ ಒತ್ತರ (ಕರಗದೆ ತಳಕ್ಕೆ ಕೂರುವ ಪುಡಿ) ಬಂದರೆ ನೀವು ಹುಡುಕುತ್ತಿದ್ದ ವಸ್ತುವಿನ ಒಂದು ಪಾಲು ಶೋಧಕ ಕಾಗದದಲ್ಲೇ ಉಳಿದಿತ್ತು ಎಂದರ್ಥ. ಅಜ್ಜಿ ಕೊಡುವುದು ಬೆಚ್ಚಗಿನ ಕಷಾಯ, ಬಟ್ಟೆಯಲ್ಲಿ ಸೋಸಿದ್ದು. ಅದರಲ್ಲಿ ಈ ಗಸಿ ಇನ್ನೂ ತೇಲುತ್ತಲೇ ಇರುತ್ತದೆ.

ಮೂರನೆಯದು ಅಗಾರ್. ಗುಂಡಿಯಿಂದ ವಸ್ತು ಎಷ್ಟು ದೂರ ಹರಡಿತು ಎಂಬುದೂ ವಲಯದ ಅಗಲದಲ್ಲಿ ಸೇರಿರುತ್ತದೆ. ಕೊನೆಸ್ಸೀನಿನ ಅಣುತೂಕ ಸುಮಾರು 356. ಅಷ್ಟೇನೂ ದೊಡ್ಡದಲ್ಲ. ಆದರೆ ನಮ್ಮ ಮಾಧ್ಯಮದ 7.3ರ ಆಸುಪಾಸಿನ ಪಿಎಚ್‌ನಲ್ಲಿ ಅದು ಧನ ವಿದ್ಯುದಂಶ ಹೊತ್ತಿರುತ್ತದೆ, ಅಗಾರಿನಲ್ಲಿರುವ ಸಲ್ಫೇಟ್ ಗುಂಪುಗಳು ಋಣ. ಒಂದಕ್ಕೊಂದು ಅಂಟಿ ಓಟ ನಿಧಾನವಾಗುತ್ತದೆ. ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಕೊಲಿಸ್ಟಿನ್ ಔಷಧಕ್ಕೆ ಬಿಲ್ಲೆ ಪರೀಕ್ಷೆಯನ್ನು ನಂಬುವುದಿಲ್ಲ, ಅದು ಅಗಾರಿನಲ್ಲಿ ಸರಿಯಾಗಿ ಹರಡುವುದಿಲ್ಲ ಎಂಬ ಕಾರಣಕ್ಕೆ. ಕೊನೆಯ ಅಸ್ತ್ರವಾಗಿ ಬಳಸುವ ಔಷಧದ ಗತಿಯೇ ಹೀಗಿರುವಾಗ, ಕಷಾಯಕ್ಕೆ ವಲಯ ಬರಲಿಲ್ಲ ಎಂದು ಮರವನ್ನು ತಳ್ಳಿಹಾಕುವುದು ಅವಸರ.

ಇನ್ನು ‘ಮೂರನೇ ಒಂದು ಪಾಲು’. ಇದನ್ನು ದಯವಿಟ್ಟು ಬರೆಯಬೇಡಿ. ಬಿಲ್ಲೆಯಲ್ಲಿದ್ದದ್ದು 5 ಮೈಕ್ರೋಗ್ರಾಂ, ನಿಮ್ಮ ಗುಂಡಿಯಲ್ಲಿದ್ದದ್ದು 5 ಮಿ.ಗ್ರಾಂ, ಅಂದರೆ ಸಾವಿರ ಪಟ್ಟು ಹೆಚ್ಚು. ಸಾವಿರ ಪಟ್ಟು ಹಾಕಿ 11 ಮಿ.ಮೀ. ಬಂದಿದೆ, ಅದರಲ್ಲಿ 6 ಮಿ.ಮೀ. ಗುಂಡಿಯದೇ ಅಗಲ. ಗುಂಡಿಯಂಚಿನಿಂದ ಪ್ರತಿ ಬದಿಗೆ ಎರಡೂವರೆ ಮಿ.ಮೀ. ಮಾತ್ರ. ಡಿಎಂಎಸ್‌ಒ ಒಂದನ್ನೇ 50 ಮೈಕ್ರೋಲೀಟರ್ ಹಾಕಿದ ಗುಂಡಿಯ ಬಗ್ಗೆ ನೀವು ಬರೆದಿಲ್ಲ. ಹಾಕಿರದಿದ್ದರೆ ಆ 11 ಮಿ.ಮೀ.ನಲ್ಲಿ ದ್ರಾವಕದ ಪಾಲೆಷ್ಟು ಎಂದೂ ತಿಳಿಯದು. ಸ್ಟ್ಯಾಫಿಲೊಕಾಕಸ್ ಮೇಲೆ ಬಂದ 16 ಮಿ.ಮೀ. ಹೆಚ್ಚು ನಂಬಲರ್ಹ. ಇ. ಕೊಲೈಯಂಥ ‘ಗ್ರಾಂ ಋಣ’ ಗುಂಪಿನ ಬ್ಯಾಕ್ಟೀರಿಯಾಗಳಿಗೆ ಹೊರಪೊರೆ ಒಂದು ಅಡ್ಡಗೋಡೆ, ಒಳಬಂದದ್ದನ್ನು ಹೊರಗೆಸೆಯುವ ಪಂಪುಗಳು ಎರಡನೇ ಕಾವಲು. ಸ್ಟ್ಯಾಫಿಲೊಕಾಕಸ್‌ಗೆ ಆ ಹೊರಪೊರೆ ಇಲ್ಲ, ಅದು ‘ಗ್ರಾಂ ಧನ’. ಹೆಚ್ಚಿನ ಗಿಡಮೂಲಿಕೆ ಸಾರಗಳು ಗ್ರಾಂ ಧನಗಳ ಮೇಲೆ ಚೆನ್ನಾಗಿ, ಗ್ರಾಂ ಋಣಗಳ ಮೇಲೆ ಸಪ್ಪೆಯಾಗಿ ಕಾಣುವುದು ಇದರಿಂದಲೇ.

ಆ ಪಂಪುಗಳ ವಿಷಯದಲ್ಲೇ ಕೊಡಸಿಗ ನಿಜಕ್ಕೂ ಕುತೂಹಲದ ಮರವಾಗುತ್ತದೆ. 2017ರಲ್ಲಿ ಥಾಯ್ಲೆಂಡಿನ ಸಂಶೋಧಕರು ಪ್ರಕಟಿಸಿದ ಕೆಲಸದಲ್ಲಿ ಕೊನೆಸ್ಸೀನ್ ಸ್ಯೂಡೊಮೊನಾಸ್ ಎರುಗಿನೋಸಾ ಎಂಬ ಬ್ಯಾಕ್ಟೀರಿಯಾದ ಮೆಕ್ಸ್‌ಎಬಿ–ಒಪಿಆರ್‌ಎಂ ಎಂಬ ಹೊರದಬ್ಬುವ ಪಂಪನ್ನು ಕಟ್ಟಿಹಾಕುತ್ತದೆ ಎಂದು ತೋರಿಸಿದರು. ಅದರ ಜೊತೆ ಕೊಟ್ಟಾಗ ಆಂಟಿಬಯೋಟಿಕ್‌ಗಳು ಕಡಿಮೆ ಪ್ರಮಾಣದಲ್ಲೇ ಕೆಲಸ ಮಾಡಿದವು. ಇಂಥ ಗುಣವನ್ನು ಒಂಟಿ ಗುಂಡಿಯ ತಟ್ಟೆ ಎಂದೂ ತೋರಿಸದು.

ಹೊಟ್ಟೆಯ ವಿಷಯಕ್ಕೆ ಬಂದರೆ, ಆಯುರ್ವೇದದಲ್ಲಿ ಕುಟಜ ಎಂದು ಕರೆಯುವ ಈ ತೊಗಟೆಯ ಹೆಸರು ಮುಖ್ಯವಾಗಿ ಅತಿಸಾರ, ರಕ್ತಭೇದಿಗಳ ಜೊತೆ ಸೇರಿಕೊಂಡಿದೆ. ಕುಟಜಾರಿಷ್ಟ, ಕುಟಜಘನವಟಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತವೆ. ಆಮಶಂಕೆಯ ಒಂದು ದೊಡ್ಡ ಕಾರಣ ಅಮೀಬಾ, ಅದು ಬ್ಯಾಕ್ಟೀರಿಯಾ ಅಲ್ಲ. ಕಳೆದ ಶತಮಾನದಲ್ಲಿ ಕುರ್ಚಿ (ಈ ಮರದ ಇನ್ನೊಂದು ಹೆಸರು) ಬಿಸ್ಮತ್ ಅಯೋಡೈಡ್ ಎಂಬ ಔಷಧವನ್ನು ಈ ತೊಗಟೆಯ ಆಲ್ಕಲಾಯ್ಡ್‌ಗಳಿಂದ ತಯಾರಿಸಿ ಅಮೀಬಾ ಭೇದಿಗೇ ಕೊಡುತ್ತಿದ್ದರು. ನಿಮ್ಮ ತಟ್ಟೆಯಲ್ಲಿ ಅಮೀಬಾ ಇರಲಿಲ್ಲ. ಬ್ಯಾಕ್ಟೀರಿಯಾದಿಂದಾಗುವ ಭೇದಿಯಲ್ಲೂ ಕೊಲ್ಲುವುದೊಂದೇ ದಾರಿಯಲ್ಲ: ಕರುಳಿನ ಗೋಡೆಗೆ ಅಂಟದಂತೆ ತಡೆದರೂ, ವಿಷ ಉತ್ಪಾದನೆ ಕುಗ್ಗಿಸಿದರೂ ಭೇದಿ ಇಳಿಯಬಹುದು. ಕೊಡಸಿಗದ ಸಾರ ಭೇದಿ ತರುವ ಇ. ಕೊಲೈ ತಳಿಗಳು ಜೀವಕೋಶಕ್ಕೆ ಅಂಟುವುದನ್ನು ತಗ್ಗಿಸುತ್ತದೆ ಎಂಬ ಅಧ್ಯಯನ 2009ರಲ್ಲಿ ಬಂದಿದೆ. ಅದೇ ವರ್ಷ ಮುಂಬೈಯಿಂದ ಬಂದ ಬಿಲ್ವದ ಎಳೆಗಾಯಿಯ ಅಧ್ಯಯನ ಇನ್ನೂ ನೇರವಾದ ಪಾಠ: ಕಷಾಯ ಬ್ಯಾಕ್ಟೀರಿಯಾವನ್ನು ಕೊಲ್ಲಲಿಲ್ಲ, ಆದರೆ ಕೋಶಕ್ಕೆ ಅಂಟುವುದನ್ನೂ ವಿಷದ ಕೆಲಸವನ್ನೂ ಕುಗ್ಗಿಸಿತು. ವಲಯ ಬಾರದ ಕಷಾಯಕ್ಕೂ ಹೇಳಲು ಏನಾದರೂ ಇರಬಹುದು, ಆದರೆ ಅದನ್ನು ಕೇಳುವ ಪ್ರಯೋಗ ಬೇರೆ.

ಇಷ್ಟು ಹೇಳಿದ ಮೇಲೂ ಒಂದು ಮೂಲ ಅನುಮಾನ ಉಳಿಯುತ್ತದೆ: ಅದು ಕೊಡಸಿಗವೇ ಹೌದೇ? ಬೇಲಿಸಾಲಿನಲ್ಲಿ ಕೊಡಸಿಗವೂ ಬೆಪ್ಪಾಲೆಯೂ ಅಕ್ಕಪಕ್ಕ ಬೆಳೆಯುತ್ತವೆ. ಎರಡೂ ಕಣಗಿಲೆ ಕುಟುಂಬದವು, ಎರಡರಲ್ಲೂ ಹಾಲು, ಬಿಳಿ ಹೂ, ಜೋಡಿ ಕೋಡು. ಕೊಡಸಿಗ ಹೊಲಾರ್ಹೆನಾ ಪ್ಯೂಬೆಸೆನ್ಸ್. ಹಳೆಯ ಪುಸ್ತಕಗಳಲ್ಲಿ ಹೊಲಾರ್ಹೆನಾ ಆಂಟಿಡಿಸೆಂಟೆರಿಕಾ. ಬೆಪ್ಪಾಲೆ ರೈಟಿಯಾ ಟಿಂಕ್ಟೋರಿಯಾ, ಚನ್ನಪಟ್ಟಣದ ಗೊಂಬೆಗಳನ್ನು ಕಡೆಯುವ ಆಲೆ ಮರ ಅದೇ. ಔಷಧದ ತೊಗಟೆಯಲ್ಲಿ ನಡೆಯುವ ಹಳೆಯ ಕಲಬೆರಕೆಯೂ ಇದೇ.

ಗುರುತು ಹಿಡಿಯಲು ಕೋಡು ನೋಡಿ. ಕೊಡಸಿಗದ ಎರಡು ಕೋಡುಗಳು ಮೊದಲಿನಿಂದಲೂ ಬಿಡಿಬಿಡಿಯಾಗಿ, ಸಣ್ಣಗೆ ಉದ್ದಕ್ಕೆ ಇಳಿಬಿದ್ದಿರುತ್ತವೆ, ಒಂದಡಿಯೂ ಮೀರಬಹುದು. ಬೆಪ್ಪಾಲೆಯವು ಎಳೆಯದಿದ್ದಾಗ ತುದಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ಕಮಾನಿನಂತೆ ಕಾಣುತ್ತವೆ. ಬೀಜ ಬಿಡಿಸಿದರೆ ಕೊಡಸಿಗದ ರೇಷ್ಮೆಗುಚ್ಛ ಒಂದು ತುದಿಗೆ, ಬೆಪ್ಪಾಲೆಯದು ಎದುರು ತುದಿಗೆ. ಹೂವಿನಲ್ಲಿ ಬೆಪ್ಪಾಲೆಗೆ ನಡುವೆ ಝಾಲರಿನಂಥ ಕಿರೀಟ, ಹೊರಚಾಚಿದ ಪರಾಗಕೋಶಗಳ ಮೊನೆ. ಕೊಡಸಿಗದ ಹೂವಿಗೆ ಕಿರೀಟವಿಲ್ಲ, ಪರಾಗಕೋಶ ನಳಿಗೆಯೊಳಗೇ ಅಡಗಿರುತ್ತದೆ. ಮಲೆನಾಡಿನ ಮನೆಗಳಲ್ಲಿ ಒಣಗಿಸಿಟ್ಟು ತಂಬುಳಿ ಮಾಡುವ ಕೊಡಸಿಗೆ ಹೂ ಇದೇ. ತಂಬುಳಿಗೆ ಹೂ ಆಯ್ದುಕೊಂಡು ಬರುವವರ ಕಣ್ಣು ಈ ವಿಷಯದಲ್ಲಿ ಬಲು ಚುರುಕು, ಅಜ್ಜಿಯನ್ನೇ ಮರದ ಬುಡಕ್ಕೆ ಕರೆದೊಯ್ಯಿರಿ. ಒಣ ಚಕ್ಕೆ ಮಾತ್ರ ಕೈಯಲ್ಲಿದ್ದರೆ: ಕೊಡಸಿಗದ್ದು ಒಳಕ್ಕೆ ಸುರುಳಿಯಾಗಿ, ಹೊರಮೈ ಬೂದುಗಂದು, ನರೂಲಿಯಂತೆ ಒರಟು. ಮುರಿದರೆ ನಾರು ಎಳೆಯದೆ ಪಟ್ಟನೆ, ಮರಳು ಮರಳಾಗಿ ತುಂಡಾಗುತ್ತದೆ. ನಾಲಿಗೆಗೆ ಸೋಕಿಸಿದರೆ ಕಹಿ ಗಂಟಲವರೆಗೆ ಹಿಡಿಯುತ್ತದೆ. ಬೆಪ್ಪಾಲೆಗೆ ಆ ಕಹಿಯಿಲ್ಲ.

ಇಷ್ಟಾದರೂ ವರದಿಗೆ ಗುರುತಿನ ಪುರಾವೆ ಬೇಕು. ಹೂ ಅಥವಾ ಕೋಡು ಇರುವ ರೆಂಬೆಯನ್ನು ಒತ್ತಿ ಒಣಗಿಸಿ, ಸ್ಥಳ, ದಿನಾಂಕ ಬರೆದು ಹರ್ಬೇರಿಯಂ ಹಾಳೆ ಮಾಡಿ. ನಿಮ್ಮ ಜಿಲ್ಲೆಯ ಭಾಗ್ಯ ಎಂದರೆ ಸಲ್ಡಾನ್ಹ ಮತ್ತು ನಿಕೊಲ್ಸನ್ ಸಂಪಾದಿಸಿದ ‘ಫ್ಲೋರಾ ಆಫ್ ಹಾಸನ್ ಡಿಸ್ಟ್ರಿಕ್ಟ್’ 1976ರಲ್ಲೇ ಬಂದಿದೆ. ಅದರಲ್ಲಿರುವ ಗಿಡ ಗುರುತಿಸುವ ಕೀಲಿ ಹಿಡಿದು ಹೋದರೆ ಎರಡು ಕುಲಗಳು ಬೇರೆಯಾಗುತ್ತವೆ. ಹಾಸನದ ತಣ್ಣೀರುಹಳ್ಳದ ಆಯುರ್ವೇದ ಕಾಲೇಜಿನ ದ್ರವ್ಯಗುಣ (ಔಷಧ ಸಸ್ಯಗಳ) ವಿಭಾಗದವರಿಗೆ ಹಾಳೆ ಮತ್ತು ಚಕ್ಕೆ ಎರಡನ್ನೂ ತೋರಿಸಿ ಗುರುತು ಖಚಿತಪಡಿಸಿಕೊಳ್ಳಿ.

ಜುಲೈನಲ್ಲಿ ಚಕ್ಕೆ ತಂದಿರಿ ಎಂಬುದು ನನ್ನನ್ನು ಹೆಚ್ಚು ಕಾಡುತ್ತದೆ. ಸಕಲೇಶಪುರದ ಜುಲೈ ಎಂದರೆ ಬಟ್ಟೆಯೇ ಒಣಗದ ಕಾಲ. ಹಸಿ ಚಕ್ಕೆ ಎರಡು ಮೂರು ದಿನದಲ್ಲಿ ಒಳಮೈಗೆ ಬೂಸ್ಟು ಹಿಡಿಯುತ್ತದೆ, ಪುಡಿ ಮಾಡಿದ ಮೇಲೆ ಅದು ಕಣ್ಣಿಗೆ ಕಾಣುವುದಿಲ್ಲ. ಶಿಲೀಂಧ್ರಗಳು ತಾವೇ ಬ್ಯಾಕ್ಟೀರಿಯಾ ವಿರೋಧಿ ವಸ್ತುಗಳನ್ನು ತಯಾರಿಸುತ್ತವೆ. ನಿಮ್ಮ 16 ಮಿ.ಮೀ. ಮರದ್ದೋ ಬೂಸ್ಟಿನದ್ದೋ ಎಂಬ ಪ್ರಶ್ನೆಗೆ ಉತ್ತರವಿಲ್ಲದಂತಾಗುತ್ತದೆ. ಇನ್ನೊಂದು ಬಲೆ ತಾಮ್ರ. ಮುಂಗಾರಿಗೆ ಮುಂಚೆ ಕಾಫಿ, ಮೆಣಸು, ಅಡಿಕೆಗೆ ತಾಮ್ರದ ಬೋರ್ಡೋ ದ್ರಾವಣ ಹೊಡೆದಾಗ ತುಂತುರು ಬೇಲಿಯ ಮರಗಳಿಗೂ ಬೀಳುತ್ತದೆ. ಒರಟು ತೊಗಟೆಯ ಸಂದಿಯಲ್ಲಿ ನೀಲಿ ಬಿಳುಪಿನ ಚುಕ್ಕೆಗಳು ತಿಂಗಳುಗಟ್ಟಲೆ ಉಳಿಯುತ್ತವೆ. ತಾಮ್ರ ಬ್ಯಾಕ್ಟೀರಿಯಾಗಳಿಗೆ ವಿಷ, ಅದರಲ್ಲೂ ಆಮ್ಲ ಬಳಸಿ ಸಾರ ತೆಗೆದರೆ ತಾಮ್ರ ಸಲೀಸಾಗಿ ಕರಗಿ ಬರುತ್ತದೆ. ಹಾಗಾಗಿ ಬೋರ್ಡೋ ತಾಗದ ಮರವನ್ನೇ ಹುಡುಕಿ, ಹೊರಗಿನ ಬೆಂಡಿನ ಪದರವನ್ನು ಚಾಕುವಿನಿಂದ ಕೆರೆದು ತೆಗೆದು, ಒಳತೊಗಟೆಯನ್ನು ನೀರಲ್ಲಿ ಒಂದೆರಡು ಬಾರಿ ಬೇಗ ತೊಳೆದು ಬಳಸಿ.

ಮತ್ತೆ ಚಕ್ಕೆ ತೆಗೆಯುವುದಾದರೆ ಕಾಫಿ ಕೊಯ್ಲಿನ ಕಾಲ, ಡಿಸೆಂಬರಿನಿಂದ ಫೆಬ್ರವರಿ ಒಳಗೆ. ಕಾಂಡದ ಸುತ್ತ ಉಂಗುರ ಬಿಡಿಸಿದರೆ ಮರ ಸಾಯುತ್ತದೆ. ಎಲೆ ತಯಾರಿಸಿದ ಆಹಾರ ಬೇರಿಗಿಳಿಯುವ ದಾರಿ ಒಳತೊಗಟೆಯೇ. ಕೊಡಸಿಗ ಕಡಿದಲ್ಲಿ ಚೆನ್ನಾಗಿ ಚಿಗುರುತ್ತದೆ, ಬೇರಿನಿಂದಲೂ ಮರಿ ಹಾಕುತ್ತದೆ. ಆದ್ದರಿಂದ ಮಣಿಕಟ್ಟಿನ ದಪ್ಪದ ಒಂದು ಕೊಂಬೆಯನ್ನು ಓರೆಯಾಗಿ ಕತ್ತರಿಸಿ ಅದರ ತೊಗಟೆ ಸುಲಿಯುವುದೇ ಮೇಲು. ಇಂಥ ಒಂದೆರಡು ಕೊಂಬೆಯಲ್ಲಿ ಪ್ರಾಜೆಕ್ಟಿಗೆ ಬೇಕಾದಷ್ಟು ಸಿಗುತ್ತದೆ. ಮೀಸಲು ಅರಣ್ಯದ ಮರಕ್ಕೆ ಅನುಮತಿಯಿಲ್ಲದೆ ಕತ್ತಿ ಹಾಕಬೇಡಿ. ಚಕ್ಕೆಯನ್ನು ಎರಡು ಸೆಂ.ಮೀ. ತುಂಡು ಮಾಡಿ ಗಾಳಿಯಾಡುವ ನೆರಳಲ್ಲಿ, ಅಥವಾ 40 ಡಿಗ್ರಿಯ ಓವನ್‌ನಲ್ಲಿ, ಬಾಗಿಸಿದರೆ ಮುರಿಯುವವರೆಗೆ ಒಣಗಿಸಿ. 2 ಗ್ರಾಂ ಮಾದರಿಯನ್ನು 105 ಡಿಗ್ರಿಯಲ್ಲಿ ತೂಕ ಸ್ಥಿರವಾಗುವವರೆಗೆ ಇಟ್ಟು ತೇವಾಂಶ ಶೇ. 10ಕ್ಕಿಂತ ಕೆಳಗಿದೆಯೇ ನೋಡಿ. ಆಮೇಲಷ್ಟೇ ಪುಡಿ. ಮಿಕ್ಸಿ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಓಡಿಸಿ, ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ, ಈ ಪುಡಿ ಮೂಗು ಗಂಟಲನ್ನು ಕೆರಳಿಸುತ್ತದೆ.

ಈಗ ಸಾರ. ನಿಮ್ಮ ಮಾರ್ಗದರ್ಶಕರು ಒಪ್ಪಿದರೆ ಮೂರು ಮಾದರಿ ಮಾಡಿ: ನೀರಿನ ಕಷಾಯ ಗಸಿ ಸಮೇತ ಆರಿಸಿದ್ದು, ಎಥನಾಲ್ ಸಾರ, ಮತ್ತು ಬೇರ್ಪಡಿಸಿದ ಆಲ್ಕಲಾಯ್ಡ್ ಭಾಗ. ಮೂರನೆಯದೇ ನಿಮ್ಮ ಪ್ರಾಜೆಕ್ಟಿನ ಜೀವಾಳ. 25 ಗ್ರಾಂ ಪುಡಿಗೆ ಶೇ. 2ರ ಹೈಡ್ರೊಕ್ಲೋರಿಕ್ ಆಮ್ಲ 250 ಮಿ.ಲೀ. ಹಾಕಿ ಒಂದು ದಿನ ಆಗಾಗ ಕಲಕುತ್ತ ಇಡಿ. ಆಲ್ಕಲಾಯ್ಡ್ ಲವಣವಾಗಿ ನೀರಿಗೆ ಬರುತ್ತದೆ. ಬಟ್ಟೆಯಲ್ಲಿ ಹಿಂಡಿ, ಕಾಗದದಲ್ಲಿ ಸೋಸಿ, ಬೇರ್ಪಡಿಸುವ ಆಲಿಕೆಯಲ್ಲಿ 50 ಮಿ.ಲೀ. ಪೆಟ್ರೋಲಿಯಂ ಈಥರ್‌ನಿಂದ ಎರಡು ಸಲ ತೊಳೆದು ಆ ಈಥರನ್ನು ಬೇರೆ ತೆಗೆಯಿರಿ, ಜಿಡ್ಡು ಮೇಣ ಅದರಲ್ಲಿ ಹೋಗುತ್ತದೆ. ಉಳಿದ ಆಮ್ಲ ದ್ರಾವಣವನ್ನು ಮಂಜುಗಡ್ಡೆಯಲ್ಲಿಟ್ಟು ಅಮೋನಿಯಾ ದ್ರಾವಣವನ್ನು ಹನಿಹನಿಯಾಗಿ ಪಿಎಚ್ 10 ಬರುವವರೆಗೆ ಬಿಡಿ. ದ್ರಾವಣ ಇದ್ದಕ್ಕಿದ್ದಂತೆ ಮಜ್ಜಿಗೆಯಂತೆ ಮಸುಕಾಗುವ ಕ್ಷಣ ಬರುತ್ತದೆ, ಕರಗಿದ್ದ ಕ್ಷಾರ ಬಿಡುಗಡೆಯಾಗುವುದು ಆಗಲೇ. ಪಿಎಚ್ 8ಕ್ಕೇ ನಿಲ್ಲಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು, ಅರ್ಧ ಆಲ್ಕಲಾಯ್ಡ್ ನೀರಲ್ಲೇ ಉಳಿಯುತ್ತದೆ. ಈಗ ಕ್ಲೋರೋಫಾರಂ 50 ಮಿ.ಲೀ.ನಂತೆ ಮೂರು ಸಲ. ಇದನ್ನು ಹೊಗೆಗೂಡಿನೊಳಗೇ ಮಾಡಿ. ಆಲಿಕೆಯನ್ನು ಜೋರಾಗಿ ಕುಲುಕಬೇಡಿ, ಮೆಲ್ಲಗೆ ಅಡಿಮೇಲು ಮಾಡಿ ಗಾಳಿ ಬಿಡಿ. ಕುಲುಕಿದರೆ ನಡುವೆ ಮೊಸರಿನಂಥ ಪದರ ಕಟ್ಟಿ ದಿನವಾದರೂ ಒಡೆಯುವುದಿಲ್ಲ. ಕಟ್ಟಿಯೇಬಿಟ್ಟರೆ ಗಟ್ಟಿ ಉಪ್ಪುನೀರು 10 ಮಿ.ಲೀ. ಸೇರಿಸಿ ತಾಸು ಬಿಡಿ. ಕೆಳಗಿನ ಕ್ಲೋರೋಫಾರಂ ಪದರಗಳನ್ನು ಒಟ್ಟು ಮಾಡಿ, ನೀರಿಲ್ಲದ ಸೋಡಿಯಂ ಸಲ್ಫೇಟ್ ಹಾಕಿ ತೇವ ತೆಗೆದು, 40 ಡಿಗ್ರಿಯಲ್ಲಿ ಆರಿಸಿ ತೂಗಿ. 25 ಗ್ರಾಂ ಪುಡಿಗೆ ಕಾಲು ಗ್ರಾಂನಿಂದ 1 ಗ್ರಾಂವರೆಗೆ ನಿರೀಕ್ಷಿಸಬಹುದು. ಏನೂ ಬರದಿದ್ದರೆ ಮರದ ಗುರುತಿಗೆ ಹಿಂತಿರುಗಿ, ಅದು ಬೆಪ್ಪಾಲೆ ಆಗಿರಬಹುದು.

ವಲಯದ ಬದಲು ಕನಿಷ್ಠ ತಡೆ ಸಾಂದ್ರತೆಯನ್ನು (ಎಂಐಸಿ), ಅಂದರೆ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯಲು ಸಾಕಾಗುವ ಅತಿ ಕಡಿಮೆ ಸಾಂದ್ರತೆಯನ್ನು ಅಳೆಯಿರಿ. 96 ಗುಂಡಿಯ ತಟ್ಟೆ ಒಂದು ಸಾಕು. ಸಾರವನ್ನು ಡಿಎಂಎಸ್‌ಒದಲ್ಲಿ ಮಿ.ಲೀ.ಗೆ 100 ಮಿ.ಗ್ರಾಂ ಮಾಡಿ, ಅದನ್ನು ಮ್ಯುಲ್ಲರ್–ಹಿಂಟನ್ ಸಾರಿನಲ್ಲಿ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ, ಐವತ್ತು ಪಟ್ಟು ತೆಳು ಮಾಡಿದರೆ ಮಿ.ಲೀ.ಗೆ 2 ಮಿ.ಗ್ರಾಂ. ಈ ಹಂತದಲ್ಲಿ ಸಾರ ಒಡೆದು ಕಣಕಣವಾದರೆ ಅದನ್ನು ಬರೆದಿಟ್ಟುಕೊಳ್ಳಿ, ಕರಗದ್ದು ಕೆಲಸ ಮಾಡುವುದಿಲ್ಲ. ಸಾಲಿನ ಮೊದಲ ಗುಂಡಿಗೆ ಇದು 200 ಮೈಕ್ರೋಲೀಟರ್, 2ರಿಂದ 10ರವರೆಗೆ ಬರಿ ಸಾರು 100. ಒಂದರಿಂದ ಮುಂದಕ್ಕೆ 100 ಮೈಕ್ರೋಲೀಟರ್ ಸಾಗಿಸುತ್ತ ಹೋಗಿ, ಹತ್ತನೆಯದರಿಂದ 100 ಚೆಲ್ಲಿ. 0.5 ಮ್ಯಾಕ್‌ಫಾರ್ಲೆಂಡ್ ಮಸುಕಿನ (ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಅಂದಾಜಿಸುವ ಪ್ರಮಾಣಿತ ಮಸುಕು) ಬ್ಯಾಕ್ಟೀರಿಯಾ ದ್ರಾವಣವನ್ನು 150 ಪಟ್ಟು ತೆಳು ಮಾಡಿ ಪ್ರತಿ ಗುಂಡಿಗೆ 100 ಮೈಕ್ರೋಲೀಟರ್ ಹಾಕಿದರೆ ಮಿ.ಲೀ.ಗೆ ಸುಮಾರು 5 ಲಕ್ಷ ಜೀವಕೋಶ. ಸಾರದ ಸಾಂದ್ರತೆ ಮಿ.ಲೀ.ಗೆ 1000 ಮೈಕ್ರೋಗ್ರಾಂನಿಂದ ಸುಮಾರು 2ರವರೆಗೆ ಇಳಿಯುತ್ತದೆ, ಡಿಎಂಎಸ್‌ಒ ಎಲ್ಲೂ ಶೇ. 1 ಮೀರದು. 11ನೆಯ ಗುಂಡಿ ಬ್ಯಾಕ್ಟೀರಿಯಾ ಮತ್ತು ಶೇ. 1ರ ಡಿಎಂಎಸ್‌ಒ, 12ನೆಯದು ಬರಿ ಸಾರು. 35 ಡಿಗ್ರಿಯಲ್ಲಿ 18ರಿಂದ 20 ತಾಸು.

ತೊಗಟೆಯ ಸಾರ ತಾನೇ ಕಂದು, ಮಸುಕನ್ನು ಕಣ್ಣಲ್ಲಿ ಓದುವುದು ಕಷ್ಟ. ಅದಕ್ಕೆ ಶೇ. 0.015ರ ರೆಸಾಜುರಿನ್ ಎಂಬ ನೀಲಿ ಬಣ್ಣ 30 ಮೈಕ್ರೋಲೀಟರ್ ಹಾಕಿ ಎರಡು ತಾಸು ಬಿಡುತ್ತಾರೆ: ಜೀವ ಇದ್ದಲ್ಲಿ ನೀಲಿ ಗುಲಾಬಿಯಾಗುತ್ತದೆ. ಇಲ್ಲೊಂದು ಮೋಸವಿದೆ. ತೊಗಟೆಯ ಪಾಲಿಫೀನಾಲ್‌ಗಳು ಬ್ಯಾಕ್ಟೀರಿಯಾ ಇಲ್ಲದೆಯೂ ಆ ಬಣ್ಣವನ್ನು ಗುಲಾಬಿ ಮಾಡಬಲ್ಲವು. ಆದ್ದರಿಂದ ಬ್ಯಾಕ್ಟೀರಿಯಾ ಹಾಕದೆ, ಸಾರ ಮತ್ತು ಬಣ್ಣ ಮಾತ್ರ ಇರುವ ಇನ್ನೊಂದು ಸಾಲು ಇಡಲೇಬೇಕು. ಅನುಮಾನವಿದ್ದ ಗುಂಡಿಯಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗಾರಿನ ಮೇಲೆ ಚುಕ್ಕೆ ಇಡಿ. ಮರುದಿನ ಬೆಳೆದರೆ ಸಾರ ಬರೀ ತಡೆದಿದೆ, ಬೆಳೆಯದಿದ್ದರೆ ಕೊಂದಿದೆ. ಇಡೀ ಪ್ರಯೋಗ ಮೂರು ಬೇರೆ ದಿನ ಮಾಡಿ. ಒಂದೇ ತಟ್ಟೆಯ ಮೂರು ಗುಂಡಿ ಮೂರು ಪ್ರಯೋಗವಲ್ಲ. ತಳಿಗಳು ಇ. ಕೊಲೈ ಎಟಿಸಿಸಿ 25922, ಸ್ಟ್ಯಾಫಿಲೊಕಾಕಸ್ ಆರಿಯಸ್ ಎಟಿಸಿಸಿ 25923ರಂಥ ಪ್ರಮಾಣಿತವೇ ಇರಲಿ, ಆಸ್ಪತ್ರೆಯ ರೋಗಿಗಳಿಂದ ಬಂದ ತಳಿ ಪದವಿ ಕಾಲೇಜಿನ ಬೆಂಚಿಗೆ ಬೇಡ. ಬಳಸಿದ ತಟ್ಟೆಗಳನ್ನು 121 ಡಿಗ್ರಿಯಲ್ಲಿ ಅರ್ಧ ತಾಸು ಆಟೋಕ್ಲೇವ್ ಮಾಡದೆ ಹೊರಗೆ ಹಾಕಬೇಡಿ.

ಕಚ್ಚಾ ಸಾರದ ಎಂಐಸಿ ಮಿ.ಲೀ.ಗೆ 100 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಅದನ್ನು ಗಣನೀಯ ಎನ್ನುವುದು ಈ ಕ್ಷೇತ್ರದ ರೂಢಿ. 1000ದ ಮೇಲಿದ್ದರೆ ಮುಂದುವರಿಯಲು ಹುರುಪಿಲ್ಲ. ಸಮಯ ಉಳಿದರೆ ಪಂಪಿನ ಪ್ರಶ್ನೆಯನ್ನೂ ಕೇಳಿನೋಡಿ: ಒಂದು ಸಾಲಿನಲ್ಲಿ ಆಂಟಿಬಯೋಟಿಕ್ ಮಾತ್ರ, ಇನ್ನೊಂದರಲ್ಲಿ ಅದೇ ಆಂಟಿಬಯೋಟಿಕ್ ಜೊತೆ ನಿಮ್ಮ ಆಲ್ಕಲಾಯ್ಡ್‌ನ ಎಂಐಸಿಯ ಕಾಲು ಪಾಲು. ಎರಡನೆಯ ಸಾಲಿನಲ್ಲಿ ಆಂಟಿಬಯೋಟಿಕ್‌ನ ಎಂಐಸಿ ನಾಲ್ಕು ಪಟ್ಟು ಅಥವಾ ಹೆಚ್ಚು ಇಳಿದರೆ ಅದು ಬರೆಯಬೇಕಾದ ಫಲಿತಾಂಶ. ಒಂದೇ ಹೆಜ್ಜೆ, ಅಂದರೆ ಎರಡು ಪಟ್ಟು ಇಳಿದದ್ದು ಈ ಪರೀಕ್ಷೆಯ ಸಹಜ ಏರುಪೇರು.

ಮನೆಯ ಮಾತೊಂದು ಉಳಿದಿದೆ. ನೀವು ಪ್ರಯೋಗಾಲಯದಲ್ಲಿ ತೆಗೆದ ಆಲ್ಕಲಾಯ್ಡನ್ನು ಯಾರೂ ನಾಲಿಗೆಗೆ ಇಡಬಾರದು. ಶುದ್ಧ ಕೊನೆಸ್ಸೀನನ್ನು ಅಮೀಬಾ ಭೇದಿಗೆ ಕೊಟ್ಟ ಕಾಲದಲ್ಲಿ ನಿದ್ರೆಗೇಡು, ತಳಮಳ, ತಲೆಸುತ್ತು ಮುಂತಾದ ನರಸಂಬಂಧಿ ತೊಂದರೆಗಳು ಕಂಡವು. ಒಳ್ಳೆಯ ಔಷಧಗಳು ಬಂದಮೇಲೆ ಅದು ಹಿಂದೆ ಸರಿಯಿತು. ಕಷಾಯದ ವಿಷಯದಲ್ಲೂ ಚಿಕ್ಕ ಮಕ್ಕಳು, ಬಸುರಿಯರಿಗೆ ವೈದ್ಯರನ್ನು ಕೇಳದೆ ಬೇಡ. ಮಗುವಿಗೆ ಭೇದಿಯಾದಾಗ ಪ್ರಾಣ ತೆಗೆಯುವುದು ನೀರು ಲವಣಗಳ ನಷ್ಟ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೂರ್ತಿ ಓಆರ್‌ಎಸ್ ಪೊಟ್ಟಣ, ಅದೇ ಮೊದಲು. ಜೊತೆಗೆ ಆರು ತಿಂಗಳು ಮೀರಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ ಸತು 14 ದಿನ, ಆರು ತಿಂಗಳೊಳಗಿನ ಮಗುವಿಗೆ 10 ಮಿ.ಗ್ರಾಂ, ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ಮಲದಲ್ಲಿ ರಕ್ತ, ಜ್ವರ, ಕಣ್ಣು ಗುಳಿಬಿದ್ದದ್ದು, ಮೂತ್ರ ನಿಂತದ್ದು ಕಂಡರೆ ಕಷಾಯಕ್ಕೆ ಒಲೆ ಹೊತ್ತಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು.

ಮತ್ತೆ ಪ್ರಯೋಗ ಶುರುಮಾಡುವ ಮುನ್ನ ಒಂದು ದಿನ ಊರಿಗೆ ಹೋಗಿ, ಅಡುಗೆಮನೆಯಲ್ಲಿ ಅಜ್ಜಿಯ ಪಕ್ಕ ತಕ್ಕಡಿ ಇಟ್ಟುಕೊಂಡು ಕೂತುಕೊಳ್ಳಿ. ಅವರ ಕೈ ಎತ್ತಿದ ಚಕ್ಕೆ ಎಷ್ಟು ಗ್ರಾಂ, ಹಸಿಯೋ ಒಣಗಿದ್ದೋ, ಹೊರಸಿಪ್ಪೆ ಕೆರೆಯುತ್ತಾರೋ ಇಲ್ಲವೋ, ಎಷ್ಟು ಲೋಟ ನೀರು ಎಷ್ಟು ಲೋಟಕ್ಕೆ ಇಳಿಯಿತು, ಎಷ್ಟು ನಿಮಿಷ, ಮಜ್ಜಿಗೆಯಲ್ಲಿ ಬೆರೆಸುತ್ತಾರೋ ಹಾಗೇ ಕೊಡುತ್ತಾರೋ, ಎಲ್ಲ ಬರೆದುಕೊಳ್ಳಿ. ಮಜ್ಜಿಗೆ ಬೆರೆಸುವುದಾದರೆ ಅದನ್ನು ಮುಖ್ಯವಾಗಿ ಗುರುತು ಹಾಕಿಕೊಳ್ಳಿ: ಮಜ್ಜಿಗೆಯ ಹುಳಿ ಈ ಕ್ಷಾರಗಳನ್ನು ಕರಗಿಸಿ ಇಡುವ ದುರ್ಬಲ ಆಮ್ಲ. ಹಾಗೆ ಮಾಡಿದ ಕಷಾಯವನ್ನು ಬಾಟಲಿಗೆ ತುಂಬಿ ಕಾಲೇಜಿಗೆ ತನ್ನಿ. ಆರಿಸಿ ತೂಗುವ ಮೊದಲು ಚೆನ್ನಾಗಿ ಕಲಕಿ, ಗಸಿ ತಳದಲ್ಲಿ ಉಳಿಯದಿರಲಿ.